ಸೊಳ್ಳೆಯ ಜಾಡು ಹಿಡಿದ ವೈದ್ಯ: ಸರ್ ರೊನಾಲ್ಡ್ ರಾಸ್

ಯುದ್ಧಗಳಲ್ಲಿ ಮಡಿದವರ ಲೆಕ್ಕವನ್ನು ಇತಿಹಾಸಕಾರರು ಬರೆದಿಟ್ಟಿದ್ದಾರೆ. ಚಳಿಜ್ವರದಲ್ಲಿ ಮಡಿದವರ ಲೆಕ್ಕವನ್ನು ಬರೆದಿಟ್ಟವರಿಲ್ಲ. ದಿನ ಬಿಟ್ಟು ದಿನ ಬಂದು, ಹಲ್ಲು ಕಟಕಟಿಸುವಂತೆ ನಡುಗಿಸಿ, ಮೈಯನ್ನು ಕೆಂಡದಂತೆ ಕಾಯಿಸಿ, ಕೊನೆಗೆ ಬೆವರಿಳಿಸಿ ಹೋಗುವ ಈ ಜ್ವರವು ನಮ್ಮ ಮಲೆನಾಡಿನ ಎಷ್ಟೋ ಹಳ್ಳಿಗಳನ್ನು ಹಾಳುಬೀಳಿಸಿತು. ಗುಲ್ಮ ಬೆಳೆದು ಹೊಟ್ಟೆ ಮುಂದೆ ಬಂದ ಮಕ್ಕಳು, ಗದ್ದೆಯಲ್ಲಿ ಪೈರು ನಿಂತಿದ್ದರೂ ಕೊಯ್ಯಲು ಕೈಯಾಡದ ಗಂಡಸರು, ಇವರು ಒಂದು ಕಾಲಕ್ಕೆ ಅಲ್ಲಿ ಎಲ್ಲೆಲ್ಲಿಯೂ ಕಾಣುತ್ತಿದ್ದ ನೋಟ. ಹಳ್ಳಿಯವರು ಇದನ್ನು ದೇವತೆಯ ಮುನಿಸೆಂದರು. ಪಂಡಿತರು ಜೌಗುನೆಲದಿಂದೇಳುವ ಕೆಟ್ಟ ಗಾಳಿಯೆಂದರು. ಇಟಲಿಯವರ ಮಾತಿನಲ್ಲಿ ಮಲೇರಿಯಾ ಎಂದರೆ ಕೆಟ್ಟ ಗಾಳಿಯೆಂದೇ ಅರ್ಥ. ನಿಂತ ನೀರಿಗೂ ಈ ಜ್ವರಕ್ಕೂ ಏನೋ ನಂಟಿದೆಯೆಂಬುದನ್ನು ಎಲ್ಲರೂ ಬಲ್ಲರು. ಆ ನಂಟು ಯಾವ ಬಗೆಯದೆಂಬುದನ್ನು ಮಾತ್ರ ಯಾರೂ ಅರಿಯರು.

ಆ ಗಂಟನ್ನು ಬಿಡಿಸಿದವರು ಸರ್ ರೊನಾಲ್ಡ್ ರಾಸ್. ಅವರ ಹೆಸರನ್ನು ನಾವು ಸಾಮಾನ್ಯವಾಗಿ ಸಿಕಂದರಾಬಾದಿನೊಡನೆಯೂ ಕಲ್ಕತ್ತೆಯೊಡನೆಯೂ ಸೇರಿಸಿ ಹೇಳುತ್ತೇವೆ. ಆದರೆ ಆ ಗಂಟಿನ ಮೊದಲ ಎಳೆ ಅವರ ಕೈಗೆ ಸಿಕ್ಕಿದುದು ನಮ್ಮ ಬೆಂಗಳೂರಿನಲ್ಲಿ. ಕೆರೆಗಳ ಊರಿನಲ್ಲಿ ಬಾಳುವ ನಾವು ಈ ಮಹನೀಯರ ಚರಿತ್ರೆಯನ್ನು ತಿಳಿಯುವುದು ಬರಿಯ ಕುತೂಹಲಕ್ಕಾಗಿ ಅಲ್ಲ. ಅವರು ಕಲಿಸಿದ ಪಾಠವನ್ನು ನಾವು ಇನ್ನೂ ಪೂರ್ತಿಯಾಗಿ ಕಲಿತಿಲ್ಲ.

ರಾಸರು ಹುಟ್ಟಿದುದು ೧೮೫೭ನೆಯ ಇಸವಿ ಮೇ ೧೩ರಂದು, ಹಿಮಾಲಯದ ಮಡಿಲಿನ ಅಲ್ಮೋರದಲ್ಲಿ. ಮೀರತ್ತಿನಲ್ಲಿ ಸಿಪಾಯಿಗಳು ತಿರುಗಿಬಿದ್ದು ಆಗ ಮೂರೇ ದಿನಗಳಾಗಿದ್ದವು. ತಂದೆ ಭಾರತದ ಸೈನ್ಯದಲ್ಲಿ ಅಧಿಕಾರಿ. ಹತ್ತು ಮಕ್ಕಳಲ್ಲಿ ಇವರೇ ಹಿರಿಯರು. ಆ ಕಾಲದ ಆಂಗ್ಲ ಕುಟುಂಬಗಳ ವಾಡಿಕೆಯಂತೆ ಎಂಟನೆಯ ವಯಸ್ಸಿನಲ್ಲಿ ಅವರನ್ನು ಓದಿಗಾಗಿ ಇಂಗ್ಲೆಂಡಿಗೆ ಕಳುಹಿಸಲಾಯಿತು. ಹುಡುಗನ ಮನಸ್ಸು ಕವಿತೆ, ಚಿತ್ರ, ಸಂಗೀತ, ಗಣಿತಗಳ ಕಡೆಗೆ ಹರಿಯಿತು. ತಂದೆಯ ಮನಸ್ಸು ಬೇರೆ. ಮಗನು ವೈದ್ಯನಾಗಿ ಭಾರತದ ವೈದ್ಯಕೀಯ ಇಲಾಖೆಯಲ್ಲಿ ಸೇರಬೇಕೆಂಬುದು ಅವರ ಹಟ. ೧೮೭೪ರಲ್ಲಿ ರಾಸರು ಲಂಡನ್ನಿನ ಸೇಂಟ್ ಬಾರ್ತಲೋಮ್ಯೂ ಆಸ್ಪತ್ರೆಯ ಶಾಲೆಯನ್ನು ಸೇರಿದರು. ಓದಿನಲ್ಲಿ ಅವರದು ಅಷ್ಟೇನೂ ಹೊಳೆಯುವ ದಾಖಲೆಯಲ್ಲ. ಕೆಲಕಾಲ ಹಡಗಿನ ವೈದ್ಯರಾಗಿದ್ದು, ೧೮೮೧ರಲ್ಲಿ ಇಲಾಖೆಗೆ ಆಯ್ಕೆಯಾಗಿ ಮದರಾಸು ಪ್ರಾಂತಕ್ಕೆ ಬಂದರು. ಅಂದಿನ ಮಿಲಿಟರಿ ವೈದ್ಯರಿಗೆ ಬಿಡುವು ಬಹಳ. ಆ ಬಿಡುವನ್ನು ಅವರು ಗಣಿತಕ್ಕೂ ಕಾವ್ಯಕ್ಕೂ ಕೊಟ್ಟರು. ಕಾದಂಬರಿಯನ್ನೂ ಬರೆದರು. ಮುಂದೆ ಜಗತ್ತಿಗೆ ಹೆಸರಾಗುವ ವಿಜ್ಞಾನಿಯ ಲಕ್ಷಣ ಆಗ ಅವರಲ್ಲಿ ಯಾರಿಗೂ ಕಂಡಿರಲಾರದು.

೧೮೮೩ರಲ್ಲಿ ರಾಸರನ್ನು ಬೆಂಗಳೂರಿನ ದಂಡಿಗೆ ಹಂಗಾಮಿ ವೈದ್ಯರನ್ನಾಗಿ ಕಳುಹಿಸಿದರು. ಬೆಂಗಳೂರಿನ ಹವೆ ಅವರಿಗೆ ಹಿಡಿಸಿತು. ಸೊಳ್ಳೆಗಳು ಮಾತ್ರ ಹಿಡಿಸಲಿಲ್ಲ. ಜೊತೆಯಲ್ಲಿದ್ದವರ ಕೋಣೆಗಳಿಗಿಂತ ತಮ್ಮ ಕೋಣೆಯಲ್ಲಿಯೇ ಸೊಳ್ಳೆಯ ಕಾಟ ಹೆಚ್ಚೆಂಬುದನ್ನು ಅವರು ಗಮನಿಸಿದರು. ಬೇರೆಯವರಾಗಿದ್ದರೆ ಶಾಪ ಹಾಕಿ ಸೊಳ್ಳೆಪರದೆಯೊಳಗೆ ಮಲಗುತ್ತಿದ್ದರು. ರಾಸರು ಕಾರಣವನ್ನು ಹುಡುಕಿದರು. ಕಿಟಕಿಯ ಹೊರಗಡೆ ಒಂದು ನೀರಿನ ತೊಟ್ಟಿ ಇದ್ದಿತು. ಬಗ್ಗಿ ನೋಡಿದರೆ ಅದರೊಳಗೆ ಬಳುಕುತ್ತಾ, ಮೇಲೆ ಬಂದು ಉಸಿರೆಳೆದು ಮತ್ತೆ ಕೆಳಗಿಳಿಯುವ ಸಣ್ಣ ಸಣ್ಣ ಹುಳುಗಳು ನೂರಾರು! ಅವೇ ಸೊಳ್ಳೆಯ ಮರಿಗಳು. ರಾಸರು ತೊಟ್ಟಿಯನ್ನು ಬೋರಲು ಹಾಕಿದರು. ಕೋಣೆಯಲ್ಲಿ ಸೊಳ್ಳೆಯ ಕಾಟ ತಗ್ಗಿತು.

ಈ ಸಂತೋಷದಲ್ಲಿ ಅವರು ದಂಡಿನ ಒಬ್ಬ ಅಧಿಕಾರಿಯ ಬಳಿಗೆ ಹೋಗಿ, ಊಟದ ಮನೆಯ ಸುತ್ತಲಿನ ಡಬ್ಬಿ, ತೊಟ್ಟಿ, ಹೂದಾನಿಗಳ ನೀರನ್ನೂ ಹೀಗೆಯೇ ಚೆಲ್ಲಿಸಿದರೆ ಎಲ್ಲರಿಗೂ ನೆಮ್ಮದಿಯಾಗುವುದೆಂದು ಸೂಚಿಸಿದರು. ಅಧಿಕಾರಿ ಒಪ್ಪಲಿಲ್ಲ. ದೇವರು ಸೊಳ್ಳೆಯನ್ನು ಏನೋ ಉದ್ದೇಶದಿಂದಲೇ ಸೃಷ್ಟಿಸಿರುವನು, ಸೃಷ್ಟಿಯ ಕ್ರಮವನ್ನು ಕೆಡಿಸಬಾರದು ಎಂಬುದು ಅವನ ವಾದ. ಸೊಳ್ಳೆಗೂ ಜ್ವರಕ್ಕೂ ಸಂಬಂಧವುಂಟೆಂದು ಆಗ ರಾಸರಿಗೇ ತಿಳಿದಿರಲಿಲ್ಲ. ತೊಟ್ಟಿಯಲ್ಲಿ ಬೆಳೆದ ಆ ಸೊಳ್ಳೆಗಳು ಮಲೇರಿಯಾ ಹರಡುವ ಜಾತಿಯವೇ ಆಗಿರಬೇಕೆಂದೂ ಇಲ್ಲ. ಆದರೂ ಅಂದು ಒಂದು ದೊಡ್ಡ ಮಾತು ಅವರಿಗೆ ಮನವರಿಕೆಯಾಯಿತು. ಸೊಳ್ಳೆ ಗಾಳಿಯಿಂದ ಹುಟ್ಟುವುದಿಲ್ಲ. ಅದಕ್ಕೆ ತವರು ನೀರು. ಯಾವ ನೀರೆಂಬುದನ್ನು ಕಂಡುಹಿಡಿದರೆ ಸೊಳ್ಳೆಯನ್ನು ಹುಟ್ಟದಂತೆಯೇ ತಡೆಯಬಹುದು.

ಮುಂದೆ ರಾಸರು ಬರ್ಮಾ ಯುದ್ಧಕ್ಕೂ ಅಂಡಮಾನಿಗೂ ಹೋಗಿಬಂದರು. ೧೮೮೮ರಲ್ಲಿ ರಜೆಯ ಮೇಲೆ ಇಂಗ್ಲೆಂಡಿಗೆ ಹೋದಾಗ ಅವರ ಬಾಳಿನ ದಿಕ್ಕು ಬದಲಾಯಿತು. ಸಾರ್ವಜನಿಕ ಆರೋಗ್ಯದಲ್ಲಿ ಡಿಪ್ಲೊಮಾ ಪಡೆದರು. ಬ್ಯಾಕ್ಟೀರಿಯಾ ವಿದ್ಯೆಯನ್ನು ಕಲಿತರು. ೧೮೮೯ರಲ್ಲಿ ಮದುವೆಯಾಗಿ ಭಾರತಕ್ಕೆ ಹಿಂದಿರುಗಿದರು. ೧೮೯೨ರ ಹೊತ್ತಿಗೆ ಮಲೇರಿಯಾದ ಚಿಂತೆ ಅವರನ್ನು ಹಿಡಿಯಿತು.

ಆ ವೇಳೆಗೆ ರೋಗದ ಅರ್ಧ ರಹಸ್ಯ ಹೊರಬಿದ್ದಿದ್ದಿತು. ೧೮೮೦ರಲ್ಲಿ ಲಾವೆರಾನ್ ಎಂಬ ಫ್ರೆಂಚ್ ಸೈನ್ಯದ ವೈದ್ಯನು ಆಲ್ಜೀರಿಯದಲ್ಲಿ ರೋಗಿಯೊಬ್ಬನ ರಕ್ತದ ತೊಟ್ಟನ್ನು ಸೂಕ್ಷ್ಮದರ್ಶಕದ ಕೆಳಗೆ ನೋಡುತ್ತಿದ್ದಾಗ ಕಪ್ಪು ಕಣಗಳಿಂದ ಕೂಡಿದ ಜೀವಿಯೊಂದನ್ನು ಕಂಡನು. ಅದೇ ಮಲೇರಿಯಾದ ಪರೋಪಜೀವಿ. ಅದು ಮನುಷ್ಯನ ಕೆಂಪು ರಕ್ತಕಣದೊಳಗೆ ಹೊಕ್ಕು, ಅದನ್ನೇ ತಿಂದು, ಒಡೆದು, ಹೊರಬಂದು ಬೇರೆ ಕಣಗಳನ್ನು ಹೊಗುತ್ತದೆ. ಕಣಗಳು ಒಮ್ಮೆಗೇ ಒಡೆಯುವ ಹೊತ್ತೇ ರೋಗಿಗೆ ನಡುಕ ಬರುವ ಹೊತ್ತು. ಆದರೆ ಈ ಜೀವಿ ಒಬ್ಬ ಮನುಷ್ಯನ ರಕ್ತದಿಂದ ಇನ್ನೊಬ್ಬನ ರಕ್ತಕ್ಕೆ ಹೋಗುವುದು ಹೇಗೆ? ಇದು ಉಳಿದರ್ಧ ರಹಸ್ಯ. ರಾಸರು ಮೊದಮೊದಲು ಲಾವೆರಾನನ ಮಾತನ್ನೇ ನಂಬಿರಲಿಲ್ಲ. ೧೮೯೪ರಲ್ಲಿ ಲಂಡನ್ನಿನಲ್ಲಿ ಪ್ಯಾಟ್ರಿಕ್ ಮ್ಯಾನ್ಸನ್ ಎಂಬ ಹಿರಿಯ ವೈದ್ಯರು ಆ ಜೀವಿಯನ್ನು ರಕ್ತದಲ್ಲಿ ತೋರಿಸಿದಾಗ ಅವರ ಸಂಶಯ ಕಳೆಯಿತು.

ಮ್ಯಾನ್ಸನ್ನರು ಚೀನಾದಲ್ಲಿದ್ದಾಗ, ಆನೆಕಾಲು ರೋಗಕ್ಕೆ ಕಾರಣವಾದ ಹುಳುವಿನ ಮರಿಗಳು ಸೊಳ್ಳೆಯ ದೇಹದೊಳಗೆ ಬೆಳೆಯುತ್ತವೆಂಬುದನ್ನು ಕಂಡುಹಿಡಿದವರು. ಮಲೇರಿಯಾ ಜೀವಿಯೂ ಸೊಳ್ಳೆಯಲ್ಲಿಯೇ ಬೆಳೆಯುತ್ತಿರಬೇಕೆಂದು ಅವರು ಊಹಿಸಿದರು. ಊಹೆಯ ಮೊದಲ ಭಾಗ ಸರಿ, ಎರಡನೆಯದು ತಪ್ಪು. ಸೊಳ್ಳೆ ಒಂದೇ ಬಾರಿ ರಕ್ತ ಕುಡಿದು, ನೀರಿನಲ್ಲಿ ಮೊಟ್ಟೆಯಿಟ್ಟು, ಅಲ್ಲಿಯೇ ಸಾಯುವುದೆಂದೂ, ಆ ನೀರನ್ನು ಕುಡಿದವನಿಗೆ ಜ್ವರ ಹತ್ತುವುದೆಂದೂ ಅವರು ತಿಳಿದಿದ್ದರು. ಈ ತಪ್ಪು ದಾರಿಯನ್ನು ಹಿಡಿದೇ ರಾಸರು ೧೮೯೫ರಲ್ಲಿ ಭಾರತಕ್ಕೆ ಬಂದರು. ಬೊಂಬಾಯಿಯಲ್ಲಿ ಹಡಗಿಳಿದವರೇ ಸಾಮಾನು ಸುಂಕದ ಕಟ್ಟೆಯಿಂದ ಹೊರಬರುವ ಮೊದಲೇ ಆಸ್ಪತ್ರೆಗೆ ಓಡಿ ಜ್ವರದ ರೋಗಿಗಳನ್ನು ಹುಡುಕಿದರಂತೆ! ಸಿಕಂದರಾಬಾದಿನಲ್ಲಿ ಕೆಲಸ ಪ್ರಾರಂಭವಾಯಿತು. ರೋಗಿಯ ರಕ್ತ ಕುಡಿದ ಸೊಳ್ಳೆಯ ಹೊಟ್ಟೆಯಲ್ಲಿ ಪರೋಪಜೀವಿ ಕೆಲಹೊತ್ತು ಬದುಕಿದ್ದು ರೂಪ ಬದಲಾಯಿಸುವುದನ್ನು ಅವರು ಕಂಡರು. ಆಮೇಲೆ ಅದು ಏನಾಯಿತೆಂಬುದು ಮಾತ್ರ ತಿಳಿಯಲಿಲ್ಲ.

ಅಷ್ಟರಲ್ಲಿ ಸರ್ಕಾರದ ಅಪ್ಪಣೆ ಬಂದಿತು. ಬೆಂಗಳೂರಿನ ಕಂಟೋನ್ಮೆಂಟಿನಲ್ಲಿ ವಾಂತಿಭೇದಿ ಎದ್ದಿದೆ, ಕೂಡಲೇ ಹೋಗಿ ಅದನ್ನು ಅಡಗಿಸತಕ್ಕದ್ದು. ೧೮೯೫ರ ಸೆಪ್ಟೆಂಬರಿನಲ್ಲಿ ರಾಸರು ಮತ್ತೆ ನಮ್ಮ ಊರಿಗೆ ಬಂದರು. ಬೆಂಗಳೂರಿನಲ್ಲಿ ಮಲೇರಿಯಾದ ರೋಗಿಗಳು ವಿರಳ. ಕೈಗೆ ಬಂದ ಸಂಶೋಧನೆ ನಿಂತುಹೋಯಿತಲ್ಲಾ ಎಂದು ಅವರು ಕುದಿದರು. ಮೇಲಧಿಕಾರಿಗಳ ಮೇಲಿನ ಆ ಸಿಟ್ಟು ಕೊನೆಯವರೆಗೂ ಅವರನ್ನು ಬಿಡಲಿಲ್ಲ.

ಆದರೆ ಬೆಂಗಳೂರಿನ ಆ ದಿನಗಳು ವ್ಯರ್ಥವಾದುವೆಂದು ಹೇಳಲಾಗದು. ವಾಂತಿಭೇದಿ ನೀರಿನ ರೋಗ. ಅದನ್ನು ತಡೆಯಹೊರಟವನು ಬಾವಿ, ಚರಂಡಿ, ತಿಪ್ಪೆ, ಬೀದಿಗಳನ್ನು ಕಣ್ಣಿಟ್ಟು ನೋಡಲೇಬೇಕು. ಊರಿನ ನೈರ್ಮಲ್ಯದ ವ್ಯವಸ್ಥೆಯನ್ನೆಲ್ಲಾ ರಾಸರು ಪರಿಶೀಲಿಸಿ ವರದಿ ಬರೆದರು. ಔಷಧಿಯ ಸೀಸೆಗಿಂತ ಒಳ್ಳೆಯ ಚರಂಡಿ ಹೆಚ್ಚು ಜೀವ ಉಳಿಸುವುದೆಂಬ ನಂಬಿಕೆ ಅವರಲ್ಲಿ ಬೇರೂರಿದುದು ಇಂಥ ಕೆಲಸದಿಂದಲೇ. ಮುಂದೆ ಅವರು ಮಲೇರಿಯಾವನ್ನು ಆಸ್ಪತ್ರೆಯ ರೋಗವೆನ್ನದೆ ಊರಿನ ರೋಗವೆಂದು ಕಂಡುದಕ್ಕೆ ಈ ಅನುಭವವೇ ತಳಹದಿ.

ಒಂದೇ ನೀರಿನಲ್ಲಿ ಎಷ್ಟು ಬಗೆಯ ರೋಗದ ದಾರಿಗಳಿವೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸೋಣ. ಕೆರೆ ಬಾವಿಗಳಲ್ಲಿ ಸೈಕ್ಲಾಪ್ಸ್ ಎಂಬ ಸಾಸಿವೆಗಿಂತ ಸಣ್ಣ ಜಲಜೀವಿ ಇರುತ್ತದೆ. ನಮ್ಮ ಉತ್ತರದ ಜಿಲ್ಲೆಗಳನ್ನು ಬಹುಕಾಲ ಕಾಡಿದ ನಾರುಹುಣ್ಣಿನ ಮರಿಹುಳು ಈ ಸೈಕ್ಲಾಪ್ಸಿನ ಹೊಟ್ಟೆಯಲ್ಲಿ ಬೆಳೆದು, ನೀರು ಕುಡಿದವನ ಮೈ ಸೇರಿ, ವರ್ಷವಾಗುವಾಗ ಕಾಲಿನಲ್ಲಿ ಮೊಳದುದ್ದದ ಎಳೆಯಾಗಿ ಹೊರಡುತ್ತಿತ್ತು. ಹುಣ್ಣಿನ ಕಾಲನ್ನು ಮೆಟ್ಟಿಲುಬಾವಿಯ ನೀರಿನಲ್ಲಿ ಅದ್ದಿದೊಡನೆ ಹುಳು ತನ್ನ ಮರಿಗಳನ್ನು ನೀರಿಗೆ ಬಿಡುವುದು. ಚಕ್ರ ಮತ್ತೆ ಮೊದಲಾಗುವುದು. ನೀರನ್ನು ಬಟ್ಟೆಯಲ್ಲಿ ಸೋಸಿ ಕುಡಿಯುವುದರಿಂದಲೂ, ಮೆಟ್ಟಿಲುಬಾವಿಗಳನ್ನು ಸೇದುವ ಬಾವಿಗಳಾಗಿ ಮಾರ್ಪಡಿಸುವುದರಿಂದಲೂ ಈ ಚಕ್ರ ಕಡಿಯಿತು. ೧೯೯೬ರಲ್ಲಿ ಭಾರತದ ಕಟ್ಟಕಡೆಯ ರೋಗಿ ಕಂಡುಬಂದನು. ೨೦೦೦ದಲ್ಲಿ ವಿಶ್ವ ಆರೋಗ್ಯ ಸಂಸ್ಥೆ ನಮ್ಮ ದೇಶವನ್ನು ನಾರುಹುಣ್ಣಿನಿಂದ ಮುಕ್ತವೆಂದು ಸಾರಿತು. ವಾಂತಿಭೇದಿಯ ರೋಗಾಣು ಕೂಡ ಸೈಕ್ಲಾಪ್ಸಿನ ಬಳಗದ ಜೀವಿಗಳ ಮೈಗೆ ಅಂಟಿಕೊಂಡು ನೀರಿನಲ್ಲಿ ಉಳಿಯುತ್ತದೆಂಬುದು ಈಚಿನ ಶೋಧನೆ. ಬಾಂಗ್ಲಾದೇಶದ ಹಳ್ಳಿಗಳಲ್ಲಿ ಹಳೆಯ ಸೀರೆಯನ್ನು ಮಡಿಸಿ ನೀರು ಸೋಸಿದುದರಿಂದಲೇ ವಾಂತಿಭೇದಿ ಅರ್ಧದಷ್ಟು ಇಳಿಯಿತು. ರಾಸರ ಕಾಲಕ್ಕೆ ಇದಾವುದೂ ತಿಳಿಯದು. ಆದರೆ ಒಂದು ಜೀವಿಯಿಂದ ಇನ್ನೊಂದಕ್ಕೆ ಹಾಯುವ ಇಂಥ ಸರಪಳಿಯೊಂದನ್ನೇ ಅವರು ಕತ್ತಲೆಯಲ್ಲಿ ತಡಕುತ್ತಿದ್ದರು.

ನೀರಿನಿಂದ ಮಲೇರಿಯಾ ಬರುವುದೆಂಬ ಮಾತನ್ನು ಅವರು ಪರೀಕ್ಷಿಸಿ ನೋಡಿದರು. ಸೊಳ್ಳೆ ಸತ್ತ ನೀರನ್ನು ಒಪ್ಪಿದ ಕೆಲವರಿಗೆ ಕುಡಿಸಿದರು. ಇಂದಿನವರು ಇಂಥ ಪ್ರಯೋಗವನ್ನು ಒಪ್ಪಲಾರರು. ಬಡತನದಿಂದ ಒಪ್ಪಿದವನ ಒಪ್ಪಿಗೆ ಎಷ್ಟರ ಮಟ್ಟಿನದು ಎಂಬ ಪ್ರಶ್ನೆ ನಮ್ಮ ಮುಂದೆ ನಿಲ್ಲುತ್ತದೆ. ಪ್ರಯೋಗದಿಂದ ಸ್ಪಷ್ಟವಾದ ಫಲವೂ ದೊರೆಯಲಿಲ್ಲ. ಹಾಗಾದರೆ ಸೊಳ್ಳೆ ಕಡಿಯುವಾಗಲೇ ಜ್ವರವನ್ನು ಬಿತ್ತುವುದೋ? ಎಲ್ಲ ಸೊಳ್ಳೆಗಳೋ, ಒಂದು ಜಾತಿ ಮಾತ್ರವೋ? ಈ ಎರಡು ಪ್ರಶ್ನೆಗಳನ್ನು ಹೊತ್ತುಕೊಂಡು ಅವರು ೧೮೯೭ರ ಬೇಸಿಗೆಯಲ್ಲಿ ರಜೆ ಪಡೆದು ಉದಕಮಂಡಲಕ್ಕೆ ಹೋದರು. ಅಲ್ಲಿಂದ ಕೆಳಗಿಳಿಯುವ ಸಿಗೂರು ಘಾಟಿ ಜ್ವರಕ್ಕೆ ಹೆಸರಾದ ಕಾಡು. ಅಲ್ಲಿ ರಾಸರಿಗೇ ಮಲೇರಿಯಾ ಹಿಡಿಯಿತು. ಅಲ್ಲಿಯೇ ಗೋಡೆಯ ಮೇಲೆ ಬಾಲವನ್ನು ಎತ್ತಿ ತಲೆ ತಗ್ಗಿಸಿ ಕುಳಿತ, ರೆಕ್ಕೆಯ ಮೇಲೆ ಚುಕ್ಕೆಗಳುಳ್ಳ ಹೊಸಬಗೆಯ ಸೊಳ್ಳೆಯನ್ನೂ ಅವರು ಕಂಡರು.

ಜೂನ್ ತಿಂಗಳಲ್ಲಿ ಸಿಕಂದರಾಬಾದಿಗೆ ಹಿಂದಿರುಗಿ ಮತ್ತೆ ಕುಳಿತರು. ಸೆಕೆ ಹೇಳತೀರದು. ಪಂಕ ಬೀಸಿದರೆ ಕೊಯ್ದಿಟ್ಟ ಸೊಳ್ಳೆಯ ತುಣುಕುಗಳು ಹಾರಿಹೋಗುತ್ತವೆಂದು ಪಂಕವನ್ನೂ ನಿಲ್ಲಿಸಿದರು. ಹಣೆಯ ಬೆವರು ಸುರಿದು ಸೂಕ್ಷ್ಮದರ್ಶಕದ ತಿರುಪುಗಳು ತುಕ್ಕು ಹಿಡಿದುವು. ಕನ್ನಡಿಯ ಬಿಲ್ಲೆ ಬಿರುಕು ಬಿಟ್ಟಿತು. ಸೊಳ್ಳೆಯ ಮೇಲೆ ಸೊಳ್ಳೆ, ನೂರಾರನ್ನು ಸೀಳಿ ನೋಡಿದರೂ ಏನೂ ಇಲ್ಲ. ಅವೆಲ್ಲಾ ಬೇರೆ ಜಾತಿಯವಾಗಿದ್ದುವೆಂಬುದು ಆಮೇಲೆ ತಿಳಿದ ಮಾತು. ಆಗಸ್ಟಿನ ನಡುವಿನಲ್ಲಿ ಅವರ ಕಡೆಯ ಆಳೊಬ್ಬನು ಸೀಸೆಯೊಂದರಲ್ಲಿ ಮರಿಹುಳುಗಳನ್ನು ತಂದುಕೊಟ್ಟನು. ಅವುಗಳಿಂದ ಹೊರಬಂದುವು ಚುಕ್ಕೆ ರೆಕ್ಕೆಯ ಸೊಳ್ಳೆಗಳು, ಅಂದರೆ ನಾವು ಇಂದು ಅನಾಫಿಲಿಸ್ ಎನ್ನುವ ಜಾತಿ. ಆಸ್ಪತ್ರೆಯಲ್ಲಿದ್ದ ಹುಸೇನ್ ಖಾನ್ ಎಂಬ ಮಲೇರಿಯಾ ರೋಗಿಯನ್ನು ಪರದೆಯೊಳಗೆ ಮಲಗಿಸಿ ಈ ಸೊಳ್ಳೆಗಳನ್ನು ಬಿಟ್ಟರು. ಕಡಿತವೊಂದಕ್ಕೆ ಒಂದಾಣೆಯಂತೆ ಹತ್ತು ಸೊಳ್ಳೆಗೆ ಹತ್ತಾಣೆ ಅವನಿಗೆ ದೊರೆಯಿತು. ೧೮೯೭ನೆಯ ಇಸವಿ ಆಗಸ್ಟ್ ೨೦. ಉಳಿದಿದ್ದ ಕೆಲವೇ ಸೊಳ್ಳೆಗಳಲ್ಲಿ ಒಂದನ್ನು ಸೀಳಿ ಹೊಟ್ಟೆಯ ಗೋಡೆಯನ್ನು ನೋಡುತ್ತಿದ್ದಾಗ ಅಲ್ಲೊಂದು ದುಂಡನೆಯ ಕೋಶ ಕಂಡಿತು. ಅದರೊಳಗೆ ಮಲೇರಿಯಾ ಜೀವಿಯ ಗುರುತಾದ ಅದೇ ಕಪ್ಪು ಕಣಗಳು! ಮರುದಿನ ಸೀಳಿದ ಸೊಳ್ಳೆಯಲ್ಲಿ ಆ ಕೋಶಗಳು ಇನ್ನೂ ದೊಡ್ಡವಾಗಿದ್ದುವು. ಅವು ಬೆಳೆಯುತ್ತಿವೆ, ಆದುದರಿಂದ ಅವು ಜೀವಿಗಳೇ ಸರಿ. ಆ ರಾತ್ರಿಯ ಸಂತೋಷದಲ್ಲಿ ರಾಸರು ಕವಿತೆಯೊಂದನ್ನು ಬರೆದರು. ಆಗಸ್ಟ್ ೨೦ನ್ನು ಇಂದಿಗೂ ಸೊಳ್ಳೆಯ ದಿನವೆಂದು ಆಚರಿಸುತ್ತಾರೆ. ಹತ್ತಾಣೆಯ ಹುಸೇನ್ ಖಾನನನ್ನೂ, ಸೀಸೆ ತಂದ ಹೆಸರಿಲ್ಲದ ಆ ಆಳನ್ನೂ ಅಂದು ನೆನೆಯುವುದು ನ್ಯಾಯ.

ಗೆಲುವಿನ ಬೆನ್ನಲ್ಲೇ ಮತ್ತೆ ವರ್ಗ. ರಾಜಪುತಾನದ ಖೇರ್ವಾಡಕ್ಕೆ ಹೋಗಬೇಕಾಯಿತು. ಮ್ಯಾನ್ಸನ್ನರ ಪ್ರಯತ್ನದಿಂದ ೧೮೯೮ರ ಫೆಬ್ರವರಿಯಲ್ಲಿ ಕಲ್ಕತ್ತೆಯಲ್ಲಿ ಸಂಶೋಧನೆಗೆಂದೇ ಸ್ಥಳ ದೊರೆಯಿತು. ಅಲ್ಲಿ ಪ್ಲೇಗಿನ ಭಯದಿಂದ ಜನ ರಕ್ತ ಕೊಡಲು ಹೆದರುತ್ತಿದ್ದರು. ರಾಸರು ಹಕ್ಕಿಗಳ ಕಡೆಗೆ ತಿರುಗಿದರು. ಹಕ್ಕಿಗಳಿಗೂ ಒಂದು ಬಗೆಯ ಮಲೇರಿಯಾ ಉಂಟು. ಅದನ್ನು ಹರಡುವುದು ಕ್ಯೂಲೆಕ್ಸ್ ಎಂಬ ಬೇರೆ ಜಾತಿಯ ಸೊಳ್ಳೆ. ಮಹಮದ್ ಬಕ್ಸ್ ಎಂಬ ಸಹಾಯಕನು ಹಕ್ಕಿಗಳನ್ನೂ ಸೊಳ್ಳೆಗಳನ್ನೂ ಒದಗಿಸಿ ಹಗಲಿರುಳು ದುಡಿದನು. ಜುಲೈ ತಿಂಗಳಲ್ಲಿ ಸರಪಳಿಯ ಕೊನೆಯ ಕೊಂಡಿ ಸಿಕ್ಕಿತು. ಸೊಳ್ಳೆಯ ಹೊಟ್ಟೆಯ ಕೋಶ ಒಡೆದಾಗ ಹೊರಬರುವ ಸೂಜಿಯಂಥ ಸಹಸ್ರಾರು ಜೀವಿಗಳು ಅದರ ಜೊಲ್ಲಿನ ಗ್ರಂಥಿಯನ್ನು ಸೇರುತ್ತವೆ. ಸೊಳ್ಳೆ ಮತ್ತೊಬ್ಬನನ್ನು ಕಡಿದಾಗ ಜೊಲ್ಲಿನೊಡನೆ ಅವನ ರಕ್ತಕ್ಕೆ ಇಳಿಯುತ್ತವೆ. ಸೋಂಕಿದ ಸೊಳ್ಳೆಗಳು ಕಡಿದ ಆರೋಗ್ಯವಂತ ಗುಬ್ಬಚ್ಚಿಗಳ ರಕ್ತದಲ್ಲಿ ಪರೋಪಜೀವಿ ತುಂಬಿತು. ಕುಡಿಯುವ ನೀರಿನಿಂದಲೂ ಅಲ್ಲ, ಕೆಟ್ಟ ಗಾಳಿಯಿಂದಲೂ ಅಲ್ಲ, ಕಡಿತದಿಂದಲೇ ರೋಗವೆಂಬುದು ಸಿದ್ಧವಾಯಿತು.

ಅದೇ ವರ್ಷ ಇಟಲಿಯಲ್ಲಿ ಗ್ರಾಸ್ಸಿ ಮತ್ತು ಅವರ ಸಂಗಡಿಗರು ಮನುಷ್ಯನ ಮಲೇರಿಯಾ ಅನಾಫಿಲಿಸ್ ಸೊಳ್ಳೆಯಲ್ಲಿ ಬೆಳೆಯುವುದನ್ನು ಪೂರ್ಣವಾಗಿ ತೋರಿಸಿದರು. ಯಾರು ಮೊದಲೆಂಬ ವಿಷಯದಲ್ಲಿ ಇಬ್ಬರಿಗೂ ಕಡುವೈರ ಬೆಳೆಯಿತು. ೧೯೦೨ರಲ್ಲಿ ನೊಬೆಲ್ ಪಾರಿತೋಷಕ ರಾಸರಿಗೆ ಬಂದಿತು. ಆದರೂ ಅವರ ಮನಸ್ಸು ತಣಿಯಲಿಲ್ಲ. ತಮಗೆ ಸಲ್ಲಬೇಕಾದುದು ಸಲ್ಲಲಿಲ್ಲವೆಂದು ಕೊನೆಯವರೆಗೂ ಲೇಖನಿಯಿಂದ ಹೋರಾಡಿದರು. ಮಹಾಪುರುಷರಲ್ಲಿಯೂ ಇಂಥ ಕೊರತೆಗಳಿರುತ್ತವೆ. ಅವನ್ನು ಮುಚ್ಚಿಟ್ಟು ಬರೆದ ಚರಿತ್ರೆ ಚರಿತ್ರೆಯಾಗದು.

೧೮೯೯ರಲ್ಲಿ ರಾಸರು ಭಾರತವನ್ನು ಬಿಟ್ಟು ಲಿವರ್‌ಪೂಲಿನ ಉಷ್ಣವಲಯ ವೈದ್ಯಶಾಲೆಯಲ್ಲಿ ಅಧ್ಯಾಪಕರಾದರು. ಇಲ್ಲಿಂದ ಮುಂದೆ ಅವರು ಬೆಂಗಳೂರಿನ ನೀರುತೊಟ್ಟಿಯ ಪಾಠವನ್ನು ಜಗತ್ತಿಗೆ ಕಲಿಸಲು ಹೊರಟರು. ಸಿಯೆರಾ ಲಿಯೋನ್, ಸೂಯೆಜ್ ಕಾಲುವೆಯ ದಡದ ಇಸ್ಮಾಯಿಲಿಯ, ಮಾರಿಷಸ್ ದ್ವೀಪ, ಹೀಗೆ ಸಂಚರಿಸಿ ಗುಂಡಿಗಳನ್ನು ಮುಚ್ಚಿಸುವ, ನೀರನ್ನು ಹರಿಸುವ ಕಾರ್ಯವನ್ನು ಬೋಧಿಸಿದರು. ಇಸ್ಮಾಯಿಲಿಯದಲ್ಲಿ ಜಯ ಸಿಕ್ಕಿತು. ಲಾಹೋರಿನ ಬಳಿಯ ಮಿಯಾನ್ ಮೀರ್ ದಂಡಿನಲ್ಲಿ ಬೇರೆಯವರು ನಡೆಸಿದ ಪ್ರಯೋಗ ಸೋತಿತು. ಸೊಳ್ಳೆಯನ್ನು ಪೂರ್ತಿ ಅಳಿಸಲಾಗದು, ಆದುದರಿಂದ ಈ ಕೆಲಸ ವ್ಯರ್ಥ ಎಂದು ಹಲವರು ಕೈಚೆಲ್ಲಿದರು. ಆಗ ರಾಸರಿಗೆ ಒದಗಿದುದು ಬಾಲ್ಯದಿಂದ ಪ್ರೀತಿಸಿದ ಗಣಿತ. ಒಬ್ಬ ರೋಗಿಯಿಂದ ಸರಾಸರಿ ಒಬ್ಬನಿಗಿಂತ ಹೆಚ್ಚು ಮಂದಿಗೆ ರೋಗ ಹತ್ತಿದರೆ ಅದು ಬೆಳೆಯುವುದು. ಒಬ್ಬನಿಗಿಂತ ಕಡಿಮೆಯಾದರೆ ತಾನಾಗಿ ಕ್ಷೀಣಿಸುವುದು. ಆದುದರಿಂದ ಸೊಳ್ಳೆಗಳನ್ನೆಲ್ಲಾ ಕೊಲ್ಲಬೇಕಾಗಿಲ್ಲ. ಅವುಗಳ ಸಂಖ್ಯೆಯನ್ನು ಒಂದು ಮಿತಿಗಿಂತ ಕೆಳಗೆ ಇಳಿಸಿದರೆ ಸಾಕು. ೧೯೧೦ರಲ್ಲಿ ಪ್ರಕಟವಾದ ಅವರ ಮಲೇರಿಯಾ ನಿವಾರಣೆಯ ಗ್ರಂಥದಲ್ಲಿ ಈ ವಿಚಾರ ಬಂದಿದೆ. ಸಾಂಕ್ರಾಮಿಕ ರೋಗಗಳ ಲೆಕ್ಕಾಚಾರಕ್ಕೆ ಇಂದು ಬಳಸುವ ಗಣಿತದ ಒಂದು ಮೂಲ ಇಲ್ಲಿದೆ. ಹಿಂದೆ ಕಾಲಹರಣವೆನಿಸಿದ್ದ ಹವ್ಯಾಸ ಹೀಗೆ ಲೋಕೋಪಕಾರಕ್ಕೆ ಬಂದಿತು.

೧೯೧೧ರಲ್ಲಿ ಅವರಿಗೆ ಸರ್ ಪದವಿ ದೊರೆಯಿತು. ೧೯೨೬ರಲ್ಲಿ ಲಂಡನ್ನಿನಲ್ಲಿ ಅವರ ಹೆಸರಿನ ಸಂಶೋಧನಾಲಯ ತೆರೆಯಿತು. ೧೯೨೭ರಲ್ಲಿ ಕಲ್ಕತ್ತೆಗೆ ಬಂದು, ತಾವು ದುಡಿದ ಸ್ಥಳದಲ್ಲಿ ಕಟ್ಟಿದ ಸ್ಮಾರಕ ದ್ವಾರವನ್ನು ತಾವೇ ಉದ್ಘಾಟಿಸಿದರು. ೧೯೩೨ರ ಸೆಪ್ಟೆಂಬರ್ ೧೬ರಂದು ಕಾಲವಾದರು.

ಇನ್ನು ಅವರ ಪಾಠವನ್ನು ನಮ್ಮ ಊರಿಗೆ ಅನ್ವಯಿಸಿ ನೋಡೋಣ. ರಾಸರ ಶೋಧನೆಯನ್ನು ಅರೆಬರೆಯಾಗಿ ಕೇಳಿದವರು ಕೆರೆಯೇ ಜ್ವರದ ಮೂಲವೆಂದು ತಿಳಿಯುವುದುಂಟು. ಇದು ಸರಿಯಲ್ಲ. ಕೆರೆಯೆಂದರೆ ನೀರು ತುಂಬಿದ ಹಳ್ಳವಲ್ಲ, ಅದೊಂದು ಸಂಸಾರ. ಪಾಚಿಯನ್ನು ಸೈಕ್ಲಾಪ್ಸ್ ಮೊದಲಾದ ಸಣ್ಣ ಜೀವಿಗಳು ತಿನ್ನುತ್ತವೆ. ಅವನ್ನೂ ಸೊಳ್ಳೆಯ ಮರಿಯನ್ನೂ ಮೀನಿನ ಮರಿಗಳು, ಕೊಡತಿ ಹುಳುವಿನ ಮರಿಗಳು, ನೀರುತಿಗಣೆಗಳು ತಿನ್ನುತ್ತವೆ. ಮೀನನ್ನು ಕೊಕ್ಕರೆ ಹಿಡಿಯುತ್ತದೆ. ಗಾಳಿಗೆ ಅಲೆಯೇಳುವ ಆಳವಾದ ತಿಳಿನೀರಿನಲ್ಲಿ ಸೊಳ್ಳೆಯ ಮರಿ ಬದುಕುವುದೇ ಕಷ್ಟ. ಅದಕ್ಕೆ ಬೇಕಾದುದು ಏರಿಯ ಕೆಳಗೆ ಒಸರುವ ಗುಂಡಿ, ಜೊಂಡು ಬೆಳೆದ ಅಂಚು, ದನದ ಗೊರಸಿನ ಹಳ್ಳ, ಹೂಳು ತುಂಬಿ ನಿಂತುಹೋದ ಕಾಲುವೆ.

ಇದೇ ಕೆರೆಗೆ ಚರಂಡಿಯ ನೀರನ್ನು ಬಿಟ್ಟರೆ ಏನಾಗುವುದು? ಕೊಳೆತ ವಸ್ತುಗಳು ನೀರಿನ ಆಮ್ಲಜನಕವನ್ನೆಲ್ಲಾ ಹೀರುವುವು. ನೀರಿನಲ್ಲಿ ಕರಗಿದ ಆಮ್ಲಜನಕವನ್ನು ಉಸಿರಾಡುವ ಮೀನು ಸಾಯುವುದು. ಸೊಳ್ಳೆಯ ಮರಿ ಸಾಯುವುದಿಲ್ಲ. ಅದು ಮೇಲೆ ಬಂದು ಗಾಳಿಯನ್ನೇ ಉಸಿರಾಡುತ್ತದೆ. ತಿನ್ನುವವನು ಸತ್ತು ತಿನ್ನಿಸಿಕೊಳ್ಳುವವನು ಉಳಿದರೆ ಆ ಸಂಸಾರದ ಗತಿಯೇನು? ಆನೆಕಾಲು ರೋಗವನ್ನು ಹರಡುವ ಕ್ಯೂಲೆಕ್ಸ್ ಸೊಳ್ಳೆಗೆ ಕೊಳಚೆ ನೀರೇ ಸ್ವರ್ಗ. ಪಟ್ಟಣದ ಮಲೇರಿಯಾ ಹರಡುವ ಅನಾಫಿಲಿಸ್ ಸ್ಟೀಫನ್ಸಿ ಬಾವಿ, ನೀರಿನ ಟ್ಯಾಂಕು, ಕಟ್ಟಡ ಕಟ್ಟುವಲ್ಲಿ ನಿಂತ ನೀರು, ಇವುಗಳಲ್ಲಿ ಬೆಳೆಯುತ್ತದೆ. ಡೆಂಗಿ ಜ್ವರದ ಸೊಳ್ಳೆಗೆ ಒಡೆದ ಕುಂಡ, ಹಳೆಯ ಟೈರು, ಮನೆಯ ತೊಟ್ಟಿ ಸಾಕು. ೧೮೮೩ರಲ್ಲಿ ರಾಸರು ಬೋರಲು ಹಾಕಿದುದು ಅಂಥದೇ ತೊಟ್ಟಿ.

ಬೆಂಗಳೂರಿನ ಪಶ್ಚಿಮ ಭಾಗದ ಬಡಾವಣೆಗಳಲ್ಲಿ ವಾಸಿಸುವವರು ಈ ಮಾತನ್ನು ಚೆನ್ನಾಗಿ ಯೋಚಿಸಬೇಕು. ರಾಜಾಜಿನಗರದ ಕಡೆಯ ಕೇತಮಾರನಹಳ್ಳಿ, ಶಿವನಹಳ್ಳಿ, ಬಸವೇಶ್ವರನಗರದ ಸಾಣೇಗುರುವನಹಳ್ಳಿ, ಈ ಊರುಗಳ ಕೆರೆಗಳು ಇಂದು ಮನೆ, ಮೈದಾನ, ಕಟ್ಟಡಗಳಾಗಿವೆ. ವಿಜಯನಗರದ ಕಡೆಯೂ ಇದೇ ಕಥೆ. ಕೆರೆಯನ್ನು ಮುಚ್ಚಿದರೆ ಸೊಳ್ಳೆ ಹೋಯಿತೆಂದು ತಿಳಿದವರುಂಟು. ಕೆರೆ ಹೋಯಿತು, ಮೀನು ಹೋಯಿತು; ಮಳೆಯ ನೀರು ಮಾತ್ರ ಎಲ್ಲಿಗೂ ಹೋಗಲಿಲ್ಲ. ಅದು ನೆಲಮಾಳಿಗೆಗಳಲ್ಲಿಯೂ ಚರಂಡಿಗಳಲ್ಲಿಯೂ ನಿಲ್ಲುತ್ತದೆ. ಈ ಭಾಗದ ನೀರನ್ನೆಲ್ಲಾ ಹೊತ್ತು ಮೈಸೂರು ರಸ್ತೆಯ ಬದಿಯಲ್ಲಿ ಕೆಂಗೇರಿಯ ಕಡೆಗೆ ಹರಿದು ಬೈರಮಂಗಲದ ಕೆರೆಯನ್ನು ಸೇರುವ ವೃಷಭಾವತಿ, ಒಂದು ಕಾಲಕ್ಕೆ ಜನ ಮಿಂದು ಪೂಜೆಗೆ ನೀರು ತರುತ್ತಿದ್ದ ಹೊಳೆ, ಕೊಳಚೆಯ ಕಾಲುವೆಯಾಯಿತು. ಸೊಳ್ಳೆಯ ಶತ್ರುಗಳನ್ನು ಕೊಂದು ಸೊಳ್ಳೆಯನ್ನು ಸಾಕುವ ಉಪಾಯ ಇದಕ್ಕಿಂತ ಬೇರೊಂದಿಲ್ಲ.

ಮೀನಿನ ವಿಷಯದಲ್ಲಿಯೂ ಬೆಂಗಳೂರಿಗೆ ಚರಿತ್ರೆಯಲ್ಲಿ ಸ್ಥಳವಿದೆ. ಅಮೆರಿಕ ಮೂಲದ ಗ್ಯಾಂಬೂಸಿಯ ಎಂಬ ಸೊಳ್ಳೆಮೀನನ್ನು ೧೯೨೮ರಲ್ಲಿ ಇಟಲಿಯಿಂದ ಭಾರತಕ್ಕೆ ಮೊದಲು ತಂದವರು ಮೈಸೂರು ಸಂಸ್ಥಾನದ ಡಾ. ಬಿ. ಎ. ರಾಯರು. ಬಾವಿಗಳಲ್ಲಿಯೂ ತೊಟ್ಟಿಗಳಲ್ಲಿಯೂ ಇಂಥ ಮೀನುಗಳಿಂದ ಉಪಕಾರವಾಗಿದೆ. ಕರ್ನಾಟಕದ ಹಳ್ಳಿಗಳಲ್ಲಿ ಈಚೆಗೂ ಹೀಗೆ ಮಲೇರಿಯಾವನ್ನು ತಗ್ಗಿಸಿದ್ದಾರೆ. ಆದರೆ ಗ್ಯಾಂಬೂಸಿಯವನ್ನು ಕೆರೆ ಹೊಳೆಗಳಿಗೆ ಬಿಟ್ಟಲ್ಲಿ ಅದು ನಾಡಮೀನಿನ ಮೊಟ್ಟೆಮರಿಗಳನ್ನೂ ತಿಂದುಹಾಕುತ್ತದೆ. ಒಂದು ಕೊಂಡಿಯನ್ನು ಸರಿಪಡಿಸುವಾಗ ಇನ್ನೊಂದು ಕೊಂಡಿ ಕಳಚದಂತೆ ನೋಡಿಕೊಳ್ಳಬೇಕು. ವಿಷದ ಮದ್ದಿನ ಕಥೆಯೂ ಇಂಥದೇ. ೧೯೫೩ರಲ್ಲಿ ದೇಶದಲ್ಲೆಲ್ಲಾ ಡಿ.ಡಿ.ಟಿ. ಸಿಂಪಡಿಸುವ ಕಾರ್ಯಕ್ರಮ ಪ್ರಾರಂಭವಾಗಿ, ಕೋಟಿಗಟ್ಟಲೆ ಇದ್ದ ರೋಗಿಗಳ ಸಂಖ್ಯೆ ಹತ್ತೇ ವರ್ಷದಲ್ಲಿ ಲಕ್ಷದ ಆಸುಪಾಸಿಗೆ ಇಳಿಯಿತು. ರೋಗ ಅಳಿಯಿತೆಂದು ಜನ ಮೈಮರೆತರು; ಸೊಳ್ಳೆಗಳು ಮದ್ದನ್ನು ಜೀರ್ಣಿಸಿಕೊಳ್ಳಲು ಕಲಿತವು. ೧೯೭೬ರಲ್ಲಿ ರೋಗಿಗಳ ಸಂಖ್ಯೆ ೬೪ ಲಕ್ಷವನ್ನು ಮೀರಿತು. ಸೊಳ್ಳೆಯನ್ನು ಗೋಡೆಯ ಮೇಲೆ ಕೊಂದು, ನೀರಿನಲ್ಲಿ ಹುಟ್ಟುವುದನ್ನು ಮರೆತುದರ ಫಲದಲ್ಲಿ ಇದೂ ಒಂದು.

ವಿದ್ಯಾರ್ಥಿ ಮಿತ್ರರಲ್ಲಿ ಒಂದು ಮಾತು. ಹೂಳೆತ್ತಿದ ಕೆರೆ, ಹರಿಯುವ ಕಾಲುವೆ, ಕೆಟ್ಟುಹೋಗದ ತೂಬು, ಕೆರೆಗೆ ಸೇರದ ಚರಂಡಿ, ಇವು ಬರಿಯ ಅಂದಕ್ಕಲ್ಲ. ಆರೋಗ್ಯದ ಕೋಟೆಯ ಕಲ್ಲುಗಳು. ಹಿಂದೆ ಊರಿನ ನೀರುಗಂಟಿ ಕೆರೆಯ ತೂಬು ಕಾಲುವೆಗಳನ್ನು ದಿನವೂ ನೋಡಿಕೊಳ್ಳುತ್ತಿದ್ದನು. ಅವನ ಕೆಲಸ ಇಂದು ನಮ್ಮೆಲ್ಲರ ಮೇಲೆ ಬಿದ್ದಿದೆ. ನೊಬೆಲ್ ಪಾರಿತೋಷಕ ಎಲ್ಲರಿಗೂ ಸಿಕ್ಕುವುದಲ್ಲ. ಆದರೆ ಕಿಟಕಿಯ ಹೊರಗಿನ ತೊಟ್ಟಿಯನ್ನು ಬಗ್ಗಿ ನೋಡುವುದು ಎಲ್ಲರಿಂದಲೂ ಆಗುವ ಕೆಲಸ. ವಾರಕ್ಕೊಮ್ಮೆ ಅದನ್ನು ಬರಿದು ಮಾಡಿದರೆ ಮೊಟ್ಟೆ ಸೊಳ್ಳೆಯಾಗುವ ಮೊದಲೇ ಚಕ್ರ ಕಡಿಯುತ್ತದೆ. ರಾಸರ ಮಾತನ್ನು ಅಂದು ಬೆಂಗಳೂರಿನ ಒಬ್ಬ ಅಧಿಕಾರಿ ತಳ್ಳಿಹಾಕಿದನು. ಅದೇ ಊರಿನ ಮಕ್ಕಳಾದ ನಾವು ಅದನ್ನು ನಡೆಸಿಕೊಟ್ಟರೆ ಆ ಮಹನೀಯರ ಋಣ ಸ್ವಲ್ಪವಾದರೂ ತೀರೀತು.